ರಕ್ತದ ಸಾಕ್ಷ್ಯವನ್ನು ಎಷ್ಟು ನಂಬಬಹುದು?

2012ರ ಜೂನ್ 7ರ ಕೇಂದ್ರ ರಾಜ್ಯಪತ್ರದಲ್ಲಿ ಒಂದು ನಿಷೇಧವಿದೆ. ರಕ್ತದಲ್ಲಿರುವ ಪ್ರತಿಕಾಯಗಳನ್ನು ನೋಡಿ ಕ್ಷಯರೋಗ ಗುರುತಿಸುವ ಕಿಟ್‌ಗಳನ್ನು ಇನ್ನು ಆಮದು ಮಾಡುವಂತಿಲ್ಲ, ತಯಾರಿಸುವಂತಿಲ್ಲ, ಮಾರುವಂತಿಲ್ಲ. ಹಾಗಾದರೆ ಅಲ್ಲಿಯವರೆಗೆ ಇವನ್ನು ಬಳಸುತ್ತಿದ್ದವರು ಯಾರು?

ಸರ್ಕಾರದ ಕ್ಷಯ ಕಾರ್ಯಕ್ರಮದ ದಾಖಲೆಗಳಲ್ಲಿ ಉತ್ತರ ಸಿಗಲಿಲ್ಲ. ಅಲ್ಲಿ ರೋಗನಿರ್ಣಯಕ್ಕೆ ಆಧಾರ ಕಫ ಪರೀಕ್ಷೆ. ಆದರೆ ಭಾರತದಲ್ಲಿ ವರ್ಷಕ್ಕೆ ಸುಮಾರು 15 ಲಕ್ಷ ಇಂಥ ರಕ್ತಪರೀಕ್ಷೆಗಳು ನಡೆಯುತ್ತಿದ್ದವೆಂದು ಸಂಶೋಧಕರು ಅಂದಾಜಿಸಿದ್ದರು. ಎರಡೂ ನಿಜವಾಗಬೇಕಾದರೆ ಪರೀಕ್ಷೆಗಳು ಖಾಸಗಿ ವಲಯದಲ್ಲೇ ನಡೆದಿರಬೇಕು.

ಆ ಜಾಡು ಮುಂಬೈಗೆ ಕರೆದೊಯ್ದಿತು. 1991ರ ಅಧ್ಯಯನದಲ್ಲಿ ಇಲ್ಲಿನ 100 ಖಾಸಗಿ ವೈದ್ಯರು ಕ್ಷಯಕ್ಕೆ 80 ಬಗೆಯ ಔಷಧಕ್ರಮ ಬರೆದಿದ್ದರು. 2010ರಲ್ಲಿ ಡಾ. ಜರೀರ್ ಉದ್ವಾಡಿಯಾ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನದಲ್ಲಿ 106 ವೈದ್ಯರ ಪೈಕಿ ಸರಿಯಾಗಿ ಬರೆದವರು 6 ಮಂದಿ. ಆದರೆ ಇವು ಔಷಧದ ಚೀಟಿಗಳು, ಪರೀಕ್ಷೆಯ ಚೀಟಿಗಳಲ್ಲ. ಖಾಸಗಿ ಚಿಕಿತ್ಸೆ ಸರ್ಕಾರಿ ಮಾರ್ಗಸೂಚಿಯಿಂದ ಎಷ್ಟು ದೂರವಿತ್ತೆಂದು ಹೇಳುತ್ತವೆ. ಕಿಟ್‌ಗಳ ಗುಣಮಟ್ಟದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ದಾರಿ ಅಲ್ಲಿಗೇ ಮುಗಿಯಿತು.

ಗಂಟು ಬಿಚ್ಚಿಕೊಂಡದ್ದು 2008ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಲ್ಲಿ. ಮಾರುಕಟ್ಟೆಯ 19 ಕ್ಷಿಪ್ರ ಕಿಟ್‌ಗಳನ್ನು ಒಂದೇ ಬಗೆಯ ಮಾದರಿಗಳ ಮೇಲೆ ಅದರಲ್ಲಿ ಒರೆಗೆ ಹಚ್ಚಲಾಗಿತ್ತು. ರೋಗಿಗಳನ್ನು ಪತ್ತೆಹಚ್ಚುವ ಸಾಮರ್ಥ್ಯ ಶೇ. 1ರಿಂದ 60ರವರೆಗೆ; ರೋಗವಿಲ್ಲದವರನ್ನು ಸರಿಯಾಗಿ ಹೊರಗಿಡುವ ಸಾಮರ್ಥ್ಯ ಶೇ. 53ರಿಂದ 99ರವರೆಗೆ. ಶೇ. 99 ಎಂಬ ಅಂಕಿ ಕಂಡು ತಡೆದು ನಿಂತೆ: ಕೆಲವಾದರೂ ಒಳ್ಳೆಯವಿದ್ದವೇ? ಜೊತೆಗಿನ ಅಂಕಿಯನ್ನು ಓದಿದಾಗ ಅನುಮಾನ ತೀರಿತು. ರೋಗವಿಲ್ಲದವರ ವಿಷಯದಲ್ಲಿ ಅಪರೂಪಕ್ಕೆ ತಪ್ಪುತ್ತಿದ್ದ ಕಿಟ್‌ಗಳೇ ಬಹುಪಾಲು ರೋಗಿಗಳನ್ನು ಕೈಬಿಟ್ಟಿದ್ದವು.

ಲೆಕ್ಕ ಹಾಕಿ ನೋಡೋಣ. ಕೆಮ್ಮುವ 1,000 ಜನರಲ್ಲಿ 100 ಮಂದಿಗೆ ಕ್ಷಯವಿದೆ ಎನ್ನಿ. ಕಿಟ್ ಶೇ. 60 ರೋಗಿಗಳನ್ನು ಹಿಡಿದು, ಶೇ. 90 ರೋಗರಹಿತರನ್ನು ಸರಿಯಾಗಿ ಬಿಟ್ಟರೂ 40 ರೋಗಿಗಳು ತಪ್ಪಿಹೋಗುತ್ತಾರೆ. 90 ಮಂದಿ ರೋಗವಿಲ್ಲದೆ ರೋಗಿಗಳಾಗುತ್ತಾರೆ. 2011ರ ಜುಲೈನಲ್ಲಿ, 94 ಅಧ್ಯಯನಗಳ ಪರಿಶೀಲನೆಯ ನಂತರ, ಈ ಪರೀಕ್ಷೆಗಳನ್ನು ಬಳಸಬೇಡಿ ಎಂದು ಸಂಸ್ಥೆ ಹೇಳಿತು. ಕ್ಷಯದ ವಿಷಯದಲ್ಲಿ ಅದು ನೀಡಿದ ಮೊದಲ ‘ಬೇಡ’ ಅದು.

ಹಾಗೆಂದು ಪ್ರತಿಕಾಯವನ್ನೇ ದೂರಬಹುದೇ? ಅದು ರೋಗಾಣುವಿನ ಪರಿಚಯವಾದದ್ದನ್ನು ಹೇಳುತ್ತದೆ, ಈಗ ಕಾಯಿಲೆಯಿದೆ ಎಂದಲ್ಲ. ಸುಪ್ತ ಸೋಂಕು ವ್ಯಾಪಕವಾಗಿರುವ ದೇಶದಲ್ಲಿ ಈ ವ್ಯತ್ಯಾಸವೇ ನಿರ್ಣಾಯಕ. 2015ರಲ್ಲಿ ಅದೇ ಸಂಸ್ಥೆ, ತೀವ್ರವಾಗಿ ಅಸ್ವಸ್ಥರಾದ ಎಚ್‌ಐವಿ ಸೋಂಕಿತರಿಗೆ ಮೂತ್ರದ ಪಟ್ಟಿಪರೀಕ್ಷೆಯೊಂದನ್ನು ಒಪ್ಪಿತು. ಅಲ್ಲಿ ರೋಗಿಯ ಪ್ರತಿಕಾಯವನ್ನು ಹುಡುಕುವುದಿಲ್ಲ. ಪಟ್ಟಿಯಲ್ಲಿ ಮೊದಲೇ ಕೂರಿಸಿದ ಪ್ರತಿಕಾಯ ಕ್ಷಯಾಣುವಿನ ಅಂಶವನ್ನು ಹಿಡಿಯುತ್ತದೆ. ಈ ದಾಖಲೆಗಳನ್ನು ಒಟ್ಟಿಗಿಟ್ಟು ಓದಿದರೆ ಸೋತದ್ದು ಪ್ರತಿಕಾಯವಲ್ಲ, ಅದಕ್ಕೆ ಕೇಳಿದ ಪ್ರಶ್ನೆ ಎಂಬ ನಿರ್ಣಯಕ್ಕೇ ನಾನು ಬರುತ್ತೇನೆ.