ನಿನ್ನೆ ತನಕ ಸರಿ ಇತ್ತು: ಸಾವಿರಾರು ಬದಲಾವಣೆಗಳ ನಡುವೆ ಒಂದು ತಪ್ಪನ್ನು ಹಿಡಿಯುವ ಕಥೆ

"ನಿನ್ನೆ ತನಕ ಚೆನ್ನಾಗಿತ್ತು, ಇವತ್ತು ಏನಾಯ್ತೋ ಗೊತ್ತಿಲ್ಲ."

ಪಂಪ್‌ಸೆಟ್ ರಿಪೇರಿಯವರಿಗೂ ಮೊಬೈಲ್ ಅಂಗಡಿಯವರಿಗೂ ನಾವೆಲ್ಲ ಹೇಳುವುದು ಇದೇ ಮಾತು. ರಾತ್ರಿ ಫೋನ್ ಅಪ್‌ಡೇಟ್ ಆಗಿರುತ್ತದೆ, ಬೆಳಿಗ್ಗೆ ಬ್ಲೂಟೂತ್ ಕೈಕೊಟ್ಟಿರುತ್ತದೆ. "ಸಾಫ್ಟ್‌ವೇರ್ ಪ್ರಾಬ್ಲಂ" ಎಂದು ಹೇಳಿ ಅಂಗಡಿಯವರು ಕೈ ತೊಳೆದುಕೊಳ್ಳುತ್ತಾರೆ. ನಮ್ಮ ಮಾತು ದಡ್ಡರ ಮಾತಿನಂತೆ ಅಲ್ಲೇ ಬಿದ್ದಿರುತ್ತದೆ.

ಅದು ದಡ್ಡರ ಮಾತಲ್ಲ. ನಿನ್ನೆ ಸರಿ ಇತ್ತು, ಇವತ್ತು ಇಲ್ಲ ಎಂದರೆ ನಡುವೆ ಯಾರೋ ಏನನ್ನೋ ಬದಲಿಸಿದ್ದಾರೆ. ಆ ಒಂದು ಬದಲಾವಣೆಯನ್ನು ಹಿಡಿಯುವ ಉಪಾಯಕ್ಕೆ ಒಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ಪರಿಣತರಷ್ಟೇ ಅಲ್ಲ, ಬಳಸುವ ಸಾಮಾನ್ಯರಿಗೂ ಜಾಗವಿದೆ.

ಮೊದಲು ಬಂದದ್ದು ಲೆಕ್ಕದ ಪುಸ್ತಕ

ಸಾಫ್ಟ್‌ವೇರ್ ಎಂದರೆ ಲಕ್ಷಗಟ್ಟಲೆ ಸಾಲುಗಳ ಬರಹ. ಅದನ್ನು ದಿನವೂ ಹಲವರು ತಿದ್ದುತ್ತಾರೆ. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರು ಎಂದು ಬರೆದಿಡದಿದ್ದರೆ, ಖರ್ಚು ಬರೆಯದ ಮದುವೆ ಮನೆಯಂತಾಗುತ್ತದೆ ಗತಿ. ದುಡ್ಡು ಹೋಗಿದೆ ಎಂದು ಗೊತ್ತು, ಎಲ್ಲಿ ಹೋಯಿತೆಂದು ಗೊತ್ತಿಲ್ಲ.

1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ಇಂಥ ಲೆಕ್ಕ ಇಡುವ ಎಸ್‌ಸಿಸಿಎಸ್ ಎಂಬ ಸಾಧನ ಬರೆದರು. ಒಂದೊಂದು ತಿದ್ದುಪಡಿಯೂ ಅದರಲ್ಲಿ ದಾಖಲಾಗುತ್ತಿತ್ತು. ಬೇಕೆಂದಾಗ ಹಳೆಯ ಪ್ರತಿಯನ್ನು ಮತ್ತೆ ಹೊರತೆಗೆಯಬಹುದಿತ್ತು. 1980ರ ದಶಕದಲ್ಲಿ ಆರ್‌ಸಿಎಸ್, ಸಿವಿಎಸ್ ಎಂಬ ಹೊಸ ಸಾಧನಗಳು ಬಂದವು.

ಲೆಕ್ಕ ಇದ್ದಮೇಲೆ ತಪ್ಪು ಹುಡುಕಬಹುದು. ಆದರೆ ಸಾವಿರ ಪುಟದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುವ ವ್ಯವಧಾನ ಯಾರಿಗಿದೆ?

ಮಧ್ಯದಲ್ಲಿ ಅಗೆಯುವ ಉಪಾಯ

ಹೊಳೆಯಿಂದ ತೋಟಕ್ಕೆ ಎರಡು ಕಿಲೋಮೀಟರ್ ಪೈಪ್ ಹೂತಿದ್ದೀರಿ. ಹೊಳೆಯ ಕಡೆ ನೀರಿದೆ, ತೋಟದಲ್ಲಿ ಇಲ್ಲ. ಎರಡು ಕಿಲೋಮೀಟರ್ ಪೂರ್ತಿ ಅಗೆಯುತ್ತೀರಾ? ಇಲ್ಲ, ನಟ್ಟನಡುವೆ ಒಂದು ಕಡೆ ಅಗೆದು ನೋಡುತ್ತೀರಿ. ಅಲ್ಲಿ ತನಕ ನೀರು ಬಂದಿದ್ದರೆ ದೋಷ ತೋಟದ ಕಡೆಯ ಅರ್ಧದಲ್ಲಿದೆ. ಬಂದಿಲ್ಲದಿದ್ದರೆ ಹೊಳೆಯ ಕಡೆಯ ಅರ್ಧದಲ್ಲಿದೆ. ಉಳಿದ ಅರ್ಧದ ನಡುವೆ ಮತ್ತೊಮ್ಮೆ ಅಗೆಯುತ್ತೀರಿ.

ಬದಲಾವಣೆಗಳ ಪುಸ್ತಕಕ್ಕೂ ಇದೇ ಲೆಕ್ಕ. ಸಾವಿರ ಬದಲಾವಣೆಗಳಿದ್ದರೆ 10 ಸಲ ಪರೀಕ್ಷಿಸಿದರೆ ಸಾಕು. ಹತ್ತು ಲಕ್ಷ ಇದ್ದರೂ 20 ಸಲ ಸಾಕು.

ಅಮೆರಿಕದ ಕ್ರೇ ರಿಸರ್ಚ್ ಸಂಸ್ಥೆ ಸೂಪರ್‌ಕಂಪ್ಯೂಟರ್‌ಗಳಿಗೆ ಹೆಸರಾಗಿತ್ತು. ಅಲ್ಲಿನ ಬ್ರಯಾನ್ ನೆಸ್, ವಿಯೆಟ್ ಙೊ ಎಂಬ ಇಬ್ಬರು ತಪ್ಪು ತಂದ ಬದಲಾವಣೆಯನ್ನು ಬೇರ್ಪಡಿಸಿ ಹಿಡಿಯುವ ಕ್ರಮವನ್ನು 1997ರಲ್ಲಿ ಪ್ರಕಟಿಸಿದರು.

ಎರಡು ವರ್ಷದ ನಂತರ ಜರ್ಮನಿಯ ಆಂಡ್ರಿಯಾಸ್ ಜೆಲ್ಲರ್ ತಮ್ಮ ಸಾಫ್ಟ್‌ವೇರಿಗೇ ಬಂದ ಕಾಟವನ್ನು ಬರೆದರು. ಅವರ ಡಿಡಿಡಿ ಎಂಬ ಸಾಧನ ಜಿಡಿಬಿ ಎಂಬ ಇನ್ನೊಂದು ಸಾಧನದ ಮೇಲೆ ಕುಳಿತು ಕೆಲಸ ಮಾಡುತ್ತಿತ್ತು. ಎರಡೂ ಪ್ರೋಗ್ರಾಂಗಳ ತಪ್ಪು ಹುಡುಕಲೆಂದೇ ಇದ್ದ ಸಾಧನಗಳು. ಜಿಡಿಬಿ 4.16ರಿಂದ 4.17ಕ್ಕೆ ಬಂದದ್ದೇ ತಡ, ಡಿಡಿಡಿ ಕೆಟ್ಟಿತು. ನಡುವೆ 1,78,000 ಸಾಲುಗಳು ಬದಲಾಗಿದ್ದವು. ಬಿಡಿಬಿಡಿಯಾಗಿ ಎಣಿಸಿದರೆ 8,721 ಬದಲಾವಣೆಗಳು. ಅವುಗಳ ಕ್ರಮವಾದ ದಾಖಲೆ ಇರಲಿಲ್ಲ. ಜೆಲ್ಲರ್ ಬದಲಾವಣೆಗಳನ್ನು ಗುಂಪು ಗುಂಪಾಗಿ ಒಡೆದು, ಒಂದೊಂದು ಗುಂಪನ್ನು ಕಂಪ್ಯೂಟರೇ ಪರೀಕ್ಷಿಸುವಂತೆ ಮಾಡಿದರು.

ಕೊನೆಗೆ ಸಿಕ್ಕಿದ್ದು ಒಂದೇ ಒಂದು. ಪರದೆಯ ಮೇಲೆ ಬರುವ ಒಂದು ವಾಕ್ಯದಲ್ಲಿ 'ಆರ್ಗ್ಯುಮೆಂಟ್ಸ್' ಎಂದಿದ್ದದ್ದನ್ನು ಯಾರೋ 'ಆರ್ಗ್ಯುಮೆಂಟ್ ಲಿಸ್ಟ್' ಎಂದು ತಿದ್ದಿದ್ದರು. ಡಿಡಿಡಿ ಹಳೆಯ ಪದಕ್ಕೇ ಕಾಯುತ್ತಾ ಕುಳಿತಿತ್ತು. ತಿದ್ದಿದವರಿಗೆ ಅದು ಭಾಷೆ ಚೆಂದ ಮಾಡುವ ಕೆಲಸ ಅಷ್ಟೇ. ಯಾವ ಪರಿಣತರೂ ಮೊದಲು ಅನುಮಾನಪಡುವ ಜಾಗ ಅದಲ್ಲ.

ಗಿಟ್ ಹುಟ್ಟಿದ ಏಪ್ರಿಲ್

ಇನ್ನು ನಿಮ್ಮ ಕೈಯಲ್ಲಿರುವ ಫೋನಿನ ವಿಷಯ. ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ಕರ್ನೆಲ್. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರು ಮಾಡಿದ್ದು. ಪ್ರಪಂಚದ ಮೂಲೆಮೂಲೆಯವರು ಅದಕ್ಕೆ ತಿದ್ದುಪಡಿ ಕಳಿಸುತ್ತಿದ್ದರು. 2002ರಿಂದ ಲೀನಸ್ ಅದರ ಲೆಕ್ಕಕ್ಕೆ ಬಿಟ್‌ಕೀಪರ್ ಎಂಬ ಸಾಧನ ಬಳಸಿದರು. ಅದು ಲ್ಯಾರಿ ಮೆಕ್‌ವೊಯ್ ಅವರ ಕಂಪನಿಯದು. ಕರ್ನೆಲ್ ಬರೆಯುವವರಿಗೆ ಉಚಿತವಾಗಿದ್ದರೂ ಷರತ್ತುಗಳಿದ್ದವು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಅದರ ಜೊತೆ ಮಾತಾಡಬಲ್ಲ ಬೇರೆ ಸಾಧನ ಬರೆಯಲು ಹೊರಟಾಗ ಜಗಳ ಹತ್ತಿತು, ಉಚಿತ ಬಳಕೆ ನಿಂತಿತು.

2005ರ ಏಪ್ರಿಲ್‌ನಲ್ಲಿ ಲೀನಸ್ ತಾವೇ ಗಿಟ್ ಬರೆಯಲು ಕುಳಿತರು. ಅದೇ ತಿಂಗಳ 16ರಂದು ಕರ್ನೆಲ್ ಗಿಟ್‌ನೊಳಗೆ ಬಂತು. ಕೆಲವೇ ತಿಂಗಳಲ್ಲಿ ಅರ್ಧ ಅರ್ಧ ಮಾಡಿ ತಪ್ಪು ಹುಡುಕುವ 'ಬೈಸೆಕ್ಟ್' ಎಂಬ ಆಜ್ಞೆಯೂ ಅದರಲ್ಲಿ ಸೇರಿತು. ಸರಿ ಇದ್ದ ಒಂದು ಪ್ರತಿ, ಕೆಟ್ಟ ಒಂದು ಪ್ರತಿ ತೋರಿಸಿದರೆ ನಡುವಿನದನ್ನು ಗಿಟ್ ತೆಗೆದುಕೊಡುತ್ತದೆ. ನೀವು ಓಡಿಸಿ ನೋಡಿ 'ಸರಿ' ಅಥವಾ 'ಕೆಟ್ಟಿದೆ' ಎನ್ನಬೇಕು, ಅಷ್ಟೇ.

ಇತಿಹಾಸ ಕವಲೊಡೆದಾಗ

ಪೈಪ್ ನೇರ ಇರುತ್ತದೆ. ಗಿಟ್‌ನ ಇತಿಹಾಸ ನೇರ ಇರುವುದಿಲ್ಲ, ಅದು ನದಿಯಂತೆ. ಒಬ್ಬರು ಒಂದು ಕವಲಿನಲ್ಲಿ, ಇನ್ನೊಬ್ಬರು ಇನ್ನೊಂದು ಕವಲಿನಲ್ಲಿ ತಿಂಗಳುಗಟ್ಟಲೆ ಕೆಲಸ ಮಾಡುತ್ತಾರೆ. ಆಮೇಲೆ ಎರಡೂ ಸೇರುತ್ತವೆ.

ಹರಿಹರದಲ್ಲಿ ನೀರು ಕೆಂಪಾಗಿ ಬಂತು ಎನ್ನಿ. ಮೇಲೆ ಕೂಡಲಿಯಲ್ಲಿ ತುಂಗೆ, ಭದ್ರೆ ಎರಡೂ ಸೇರಿವೆ. ಸಂಗಮಕ್ಕೆ ಸ್ವಲ್ಪ ಮೊದಲು ತುಂಗೆಯ ನೀರು ತಿಳಿಯಾಗಿದ್ದರೆ, ಅಲ್ಲಿಂದ ಮೇಲಿನ ತುಂಗೆ ಪೂರ್ತಿ ನಿರ್ದೋಷಿ. ಆದರೆ ಭದ್ರೆಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಹಾಗಾಗಿ ಇಲ್ಲಿ ತಾರೀಖು ನಂಬಿ ಹುಡುಕಿದರೆ ದಾರಿ ತಪ್ಪುತ್ತೇವೆ. ಜನವರಿಯಲ್ಲಿ ಬರೆದ ಬದಲಾವಣೆ ಪಕ್ಕದ ಕವಲಿನಲ್ಲಿ ಮಲಗಿದ್ದು, ಮಾರ್ಚ್‌ನಲ್ಲಿ ಮುಖ್ಯ ಹರಿವಿಗೆ ಸೇರಬಹುದು. ಬೈಸೆಕ್ಟ್ ತಾರೀಖು ನೋಡುವುದಿಲ್ಲ. ಅನುಮಾನದಲ್ಲಿರುವ ಒಂದೊಂದು ಬದಲಾವಣೆಗೂ ಅದರ ಮೇಲ್ಹರಿವಿನಲ್ಲಿ ಇನ್ನೆಷ್ಟು ಅನುಮಾನದವು ಇವೆ ಎಂದು ಎಣಿಸುತ್ತದೆ. ಆ ಎಣಿಕೆ ಒಟ್ಟಿನ ಅರ್ಧಕ್ಕೆ ಹತ್ತಿರವಿರುವ ಜಾಗವನ್ನೇ ಪರೀಕ್ಷೆಗೆ ಆರಿಸುತ್ತದೆ. ಅಲ್ಲಿ ಸರಿ ಇದ್ದರೆ ಅದೂ ಅದರ ಮೇಲಿನದೆಲ್ಲವೂ ಬಿಡುಗಡೆ. ಕೆಟ್ಟಿದ್ದರೆ ತಪ್ಪಿತಸ್ಥ ಬದಲಾವಣೆ ಅದೇ, ಇಲ್ಲವೇ ಅದರ ಮೇಲಿದೆ.

ಒಮ್ಮೊಮ್ಮೆ ವಿಚಿತ್ರ ಉತ್ತರ ಬರುತ್ತದೆ. ತುಂಗೆಯೂ ತಿಳಿ, ಭದ್ರೆಯೂ ತಿಳಿ, ಸಂಗಮದಲ್ಲೇ ಕೆಸರು! ಅಣ್ಣ ಪಂಪ್‌ಹೌಸಿನ ಬೀಗ ಬದಲಿಸುತ್ತಾನೆ. ಅದೇ ದಿನ ತಮ್ಮ ಹೊಸ ಆಳಿಗೆ ಹಳೆಯ ಕೀಲಿ ಕೊಡುತ್ತಾನೆ. ತಮ್ಮ ತಮ್ಮ ಮಟ್ಟಿಗೆ ಇಬ್ಬರದೂ ಸರಿ. ಎರಡೂ ಸೇರಿದಾಗ ತೋಟಕ್ಕೆ ನೀರಿಲ್ಲ. ಸಾಫ್ಟ್‌ವೇರಿನಲ್ಲೂ ಹೀಗೆಯೇ. ಒಂದು ಕವಲಿನಲ್ಲಿ ಒಂದು ಭಾಗದ ಕೆಲಸದ ರೀತಿ ಬದಲಾಗಿರುತ್ತದೆ, ಇನ್ನೊಂದರಲ್ಲಿ ಅದನ್ನು ಹಳೆಯ ರೀತಿಯಲ್ಲೇ ನಂಬಿ ಹೊಸದನ್ನು ಬರೆದಿರುತ್ತಾರೆ. ಆಗ ಬೈಸೆಕ್ಟ್ ಬೆರಳು ತೋರಿಸುವುದು ವಿಲೀನದ ಕಡೆಗೆ. ಅಣ್ಣನನ್ನೋ ತಮ್ಮನನ್ನೋ ಬೈದು ಪ್ರಯೋಜನವಿಲ್ಲ, ಇಬ್ಬರನ್ನೂ ಕೂರಿಸಿ ಮಾತಾಡಬೇಕು.

ಪುಸ್ತಕ ಬರೆದಷ್ಟೇ ಉತ್ತರ

ಈ ಉಪಾಯಕ್ಕೂ ಮಿತಿಗಳಿವೆ. ತಪ್ಪು ಒಮ್ಮೆ ಕಾಣಿಸಿ ಒಮ್ಮೆ ಮರೆಯಾದರೆ ಪರೀಕ್ಷಿಸುವವರು ಮೋಸಹೋಗುತ್ತಾರೆ. ಒಂದು ಸಲ 'ಸರಿ' ಎಂದು ತಪ್ಪಾಗಿ ಹೇಳಿದರೆ ಹುಡುಕಾಟ ಬೇರೆ ಊರಿನ ದಾರಿ ಹಿಡಿಯುತ್ತದೆ. ಒಬ್ಬರು ಐದು ಸಾವಿರ ಸಾಲನ್ನು ಒಂದೇ ಬದಲಾವಣೆಯಾಗಿ ಸುರಿದಿದ್ದರೆ ಬೈಸೆಕ್ಟ್ ಆ ರಾಶಿಯನ್ನಷ್ಟೇ ತೋರಿಸುತ್ತದೆ, ಒಳಗಿನ ಮುಳ್ಳನ್ನು ಕಣ್ಣಿನಲ್ಲೇ ಹುಡುಕಬೇಕು. ಅದಕ್ಕೇ ಬದಲಾವಣೆ ಚಿಕ್ಕದಾಗಿರಲಿ, ಒಂದೊಂದೂ ತನ್ನಷ್ಟಕ್ಕೆ ಓಡುವಂತಿರಲಿ ಎಂದು ಕರ್ನೆಲ್‌ನವರು ಹಟ ಹಿಡಿಯುತ್ತಾರೆ.

ಕರ್ನೆಲ್‌ನ ಗಿಟ್ ಪುಸ್ತಕದಲ್ಲೇ ಒಂದು ಗೋಡೆಯೂ ಇದೆ. 2005ರಲ್ಲಿ ಲೀನಸ್ ಹಳೆಯ ಇತಿಹಾಸವನ್ನು ಗಿಟ್‌ಗೆ ತರಲಿಲ್ಲ, 2.6.12-ಆರ್‌ಸಿ2 ಎಂಬ ಪ್ರತಿಯನ್ನೇ ಮೊದಲ ಪುಟ ಮಾಡಿದರು. ಅದಕ್ಕಿಂತ ಹಳೆಯ ತಪ್ಪಾದರೆ ಹುಡುಕಾಟ ಆ ಮೊದಲ ಪುಟಕ್ಕೆ ಬಂದು ನಿಲ್ಲುತ್ತದೆ. ಇಲ್ಲದ ಪುಟವನ್ನು ಯಾವ ಉಪಾಯವೂ ಓದಲಾರದು.

ಸಾಕ್ಷಿ ಹೇಳುವವರು ಯಾರು?

ಇವತ್ತು ಕರ್ನೆಲ್‌ನ ಹೊಸ ಆವೃತ್ತಿ ಒಂಬತ್ತು-ಹತ್ತು ವಾರಕ್ಕೊಮ್ಮೆ ಬರುತ್ತದೆ. ಒಂದೊಂದರಲ್ಲೂ ಸಾಮಾನ್ಯವಾಗಿ 10,000ಕ್ಕೂ ಹೆಚ್ಚು ಬದಲಾವಣೆಗಳಿರುತ್ತವೆ. ಸುಮಾರು 14 ಪರೀಕ್ಷೆಗಳಲ್ಲಿ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ. ಪರೀಕ್ಷಿಸುವವರಿಗೆ ಕರ್ನೆಲ್ ಬರೆಯಲು ಬರಬೇಕಿಲ್ಲ. ಹೇಳಿದ ಪ್ರತಿಯನ್ನು ಕಟ್ಟಿ, ಓಡಿಸಿ, ಸರಿಯೋ ಇಲ್ಲವೋ ಎಂದು ಪ್ರಾಮಾಣಿಕವಾಗಿ ಹೇಳಿದರೆ ಸಾಕು.

ಇದೇ ದೊಡ್ಡ ಬದಲಾವಣೆ. ಮೊದಲು ಪರಿಣತರ ಮನೆಯ ಯಂತ್ರದಲ್ಲಿ ತಪ್ಪು ಕಾಣದಿದ್ದರೆ "ನನ್ನಲ್ಲಿ ಸರಿ ಇದೆ" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ತಪ್ಪು ಕಾಣುವುದು ದೂರದ ಯಾವುದೋ ಮನೆಯ ಹಳೆಯ ಯಂತ್ರದಲ್ಲಿ. ಈಗ ಆ ಮನೆಯವರೇ ಸಾಕ್ಷಿ ಹಿಡಿದು ತರಬಲ್ಲರು. ತಪ್ಪು ಸರಿಪಡಿಸಿದಾಗ ಯಾವ ಬದಲಾವಣೆಯಿಂದ ಅದು ಬಂತು ಎಂದು ಕರ್ನೆಲ್‌ನ ದಾಖಲೆಯಲ್ಲಿ ಬರೆಯುತ್ತಾರೆ. ದೂರು ತಂದವರ ಹೆಸರನ್ನೂ ಅದರ ಪಕ್ಕದಲ್ಲೇ ಬರೆಯುವ ರೂಢಿ ಇದೆ.

ಊರಿನ ವ್ಯವಹಾರಕ್ಕೂ ಇದು ಸಲ್ಲುತ್ತದೆ. ಸೊಸೈಟಿಯ ಲೆಕ್ಕವಿರಲಿ, ಪಂಚಾಯಿತಿಯ ನೀರಿನ ಪೈಪಿರಲಿ, "ಯಾರು ಕೆಡಿಸಿದರು?" ಎಂದು ಕೇಳಿದರೆ ಜಗಳ ಹುಟ್ಟುತ್ತದೆ. "ಎಲ್ಲಿ ತನಕ ಸರಿ ಇತ್ತು?" ಎಂದು ಕೇಳಿದರೆ ದಾರಿ ಸಿಗುತ್ತದೆ. ಆದರೆ ಆ ಪ್ರಶ್ನೆಗೆ ಉತ್ತರ ಬೇಕೆಂದರೆ ಪುಟಗಳನ್ನು ಅಂದಂದೇ ಬರೆದಿಟ್ಟಿರಬೇಕು.

ಮುಂದಿನ ಸಲ ಏನಾದರೂ ಕೆಟ್ಟಾಗ "ನಿನ್ನೆ ತನಕ ಚೆನ್ನಾಗಿತ್ತು" ಎನ್ನಲು ಸಂಕೋಚ ಬೇಡ. ಯಾವ ತಾರೀಖಿನ ತನಕ, ಯಾವ ಅಪ್‌ಡೇಟ್ ತನಕ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹುಡುಕಾಟದ ಒಂದು ತುದಿ ನಿಮ್ಮ ಕೈಯಲ್ಲೇ ಇರುತ್ತದೆ.