ತೊಟ್ಟು ಉಳಿಸಿಕೊಂಡ ಚರ್ಮ



ಮೂರನೆಯ ಮೈಸೂರು ಯುದ್ಧ, 1792ರ ಶ್ರೀರಂಗಪಟ್ಟಣದ ಒಪ್ಪಂದ ಇವುಗಳನ್ನು ನೀವು ಪಠ್ಯದಲ್ಲಿ ಓದಿದ್ದೀರಿ. ಆ ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕೌವಸ್ಜಿ ಎಂಬ ಮರಾಠನೊಬ್ಬನಿದ್ದ. ಪಠ್ಯದಲ್ಲಿ ಅವನ ಹೆಸರಿಲ್ಲ, ಶಸ್ತ್ರವೈದ್ಯದ ಚರಿತ್ರೆಯಲ್ಲಿ ಇದೆ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಾಗ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತೆಂದು 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಅಚ್ಚಾದ ಕಾಗದವೊಂದು ಹೇಳುತ್ತದೆ. ಇದು ಎದುರು ಪಕ್ಷದವರ ಬರಹ; ಯುದ್ಧದ ವಿಷಯದಲ್ಲಿ ಅದನ್ನು ಎಚ್ಚರದಿಂದಲೇ ಓದಬೇಕು. ಆದರೆ ಮುಂದೆ ಪುಣೆಯ ಬಳಿ ನಡೆದ ಶಸ್ತ್ರಕ್ರಿಯೆಯ ವಿವರ ಮಾತ್ರ ಬಹಳ ನಿಖರವಾಗಿದೆ.

ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದ ಕೌವಸ್ಜಿಗೆ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಹೊಸ ಮೂಗು ಮಾಡಿದ. ಮೊದಲು ಮೂಗಿನ ಆಕಾರದ ಮೇಣದ ತಗಡು. ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿಟ್ಟು ಸುತ್ತ ಗೆರೆ. ಆ ಗೆರೆಗುಂಟ ಚರ್ಮವನ್ನು ಬಿಡಿಸಿ, ಕೆಳಕ್ಕೆ ತಿರುಗಿಸಿ, ಮೂಗಿನ ಜಾಗದಲ್ಲಿ ಕೂರಿಸುವುದು. ಆದರೆ ಎರಡು ಕಣ್ಣುಗಳ ನಡುವೆ ಸಣ್ಣ ಪಟ್ಟಿಯೊಂದನ್ನು ಕತ್ತರಿಸದೆ ಬಿಟ್ಟ. ಸುಮಾರು 25ನೆಯ ದಿನ, ಹೊಸ ಮೂಗು ಅಲ್ಲಿಯ ಮಾಂಸಕ್ಕೆ ಬೆಸೆದುಕೊಂಡ ಮೇಲೆ, ಅದನ್ನು ಕಡಿದ. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ನೋಡಿದ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರು ಮಾತ್ರ ಉಳಿದಿದೆ!

ಆ ಪಟ್ಟಿ ಏಕೆ? ಎಲೆಗೆ ತೊಟ್ಟು ಏಕೋ ಅದಕ್ಕೇ. ಹುಬ್ಬಿನ ಬಳಿಯಿಂದ ಹಣೆಗೆ ಏರುವ ರಕ್ತನಾಳಗಳು ಅದರೊಳಗೆ ಇವೆ. ಹೀಗೆ ತನ್ನ ರಕ್ತದ ದಾರಿಯನ್ನು ತಾನೇ ಹೊತ್ತು ತಿರುಗುವ ಅಂಗಾಂಶಕ್ಕೆ ವೈದ್ಯರು 'ಫ್ಲ್ಯಾಪ್' ಎನ್ನುತ್ತಾರೆ. ಸುಶ್ರುತ ಸಂಹಿತೆಯಲ್ಲೂ ಎಲೆಯಿಂದ ಅಳತೆ ತೆಗೆದು ಮೂಗು ಕಟ್ಟುವ ವಿಧಾನವಿದೆ. ಅಲ್ಲಿ ಚರ್ಮ ತೆಗೆಯುವುದು ಕೆನ್ನೆಯಿಂದ, ಹಣೆಯಿಂದಲ್ಲ. ಈ ವ್ಯತ್ಯಾಸವನ್ನು ನಾವು ಮರೆಯುವುದುಂಟು. ಪುಣೆಯ ಕ್ರಮವನ್ನು ಲಂಡನ್ನಿನ ಜೋಸೆಫ್ ಕಾರ್ಪ್ಯೂ 1814ರಲ್ಲಿ ಮಾಡಿ ನೋಡಿ, 1816ರಲ್ಲಿ ಪುಸ್ತಕ ಬರೆದ.

ಈಗ ಮೂಗಿನ ಹೊರಗಿನಿಂದ ಒಳಕ್ಕೆ ಹೋಗೋಣ. ಮೂಗಿನ ಚಾವಣಿಯೇ ಮೆದುಳಿನ ನೆಲ. ನಡುವೆ ಇರುವುದು ಜರಡಿಯಂತೆ ತೂತುಗಳಿರುವ ತೆಳು ಎಲುಬು, ಅದರ ಮೇಲೆ ಮೆದುಳಿನ ಪೊರೆ. ಪೆಟ್ಟಿನಿಂದಲೋ, ಗಡ್ಡೆ ತೆಗೆಯುವಾಗಲೋ ಇದು ತೂತಾದರೆ ಮೆದುಳಿನ ಸುತ್ತಲಿನ ದ್ರವ ಮೂಗಿನಿಂದ ತೊಟ್ಟಿಕ್ಕುತ್ತದೆ. ಅದೇ ದಾರಿಯಲ್ಲಿ ರೋಗಾಣುಗಳು ಮೇಲೇರಿ ಮೆದುಳುಪೊರೆಯ ಉರಿಯೂತ ತರಬಹುದು. ಜೀವಕ್ಕೇ ಅಪಾಯ. ಅಮೆರಿಕದ ವಾಲ್ಟರ್ ಡ್ಯಾಂಡಿ 1926ರಲ್ಲಿ ತಲೆಬುರುಡೆ ತೆರೆದು, ತೊಡೆಯಿಂದ ತಂದ ಪೊರೆಯ ತೇಪೆ ಹಾಕಿ ಇಂಥ ತೂತನ್ನು ಮುಚ್ಚಿದ. ಆದರೆ ಬೇರೆಡೆಯಿಂದ ಕಿತ್ತು ತಂದ ತೇಪೆ ಬದುಕಬೇಕಾದರೆ ಕೆಳಗಿನ ಜಾಗ ಅದಕ್ಕೆ ರಕ್ತ ಕೊಡಬೇಕು. ಇಲ್ಲಿ ಒಂದು ಕಡೆ ದ್ರವ, ಇನ್ನೊಂದು ಕಡೆ ಗಾಳಿ. ದೊಡ್ಡ ತೂತಿನ ನಟ್ಟನಡುವೆ ರಕ್ತ ಎಲ್ಲಿಂದ ಬರಬೇಕು?

ಮತ್ತೆ ತೊಟ್ಟೇ ನೆರವಿಗೆ ಬಂತು. ತಲೆಬುರುಡೆಯನ್ನು ಮುಂದಿನಿಂದ ತೆರೆಯುವ ಶಸ್ತ್ರವೈದ್ಯರು ಹಣೆಯ ಎಲುಬಿನ ಮೇಲಿನ ತೆಳು ಪೊರೆಯನ್ನು ಬಿಡಿಸಿ, ಮೆದುಳಿನ ಕೆಳಗೆ ಹಾಸತೊಡಗಿದರು. ಅದನ್ನು ಸಾಕುವ ನಾಳಗಳು ಯಾವುವು ಗೊತ್ತೆ? ಹುಬ್ಬಿನ ಬಳಿಯಿಂದ ಏರುವ ಅವೇ ನಾಳಗಳು; ಕೌವಸ್ಜಿಯ ಮೂಗನ್ನು ಬದುಕಿಸಿದ ಬಳಗದವು.

ಮುಂದೆ ಮೂಗಿನ ಹೊಳ್ಳೆಯಿಂದಲೇ ದುರ್ಬೀನು ತೂರಿಸಿ ಗಡ್ಡೆ ತೆಗೆಯುವ ಕಾಲ ಬಂತು. ಹಣೆ ಕೊಯ್ಯುವುದು ತಪ್ಪಿತು, ತೂತು ಮುಚ್ಚುವ ಕಷ್ಟ ಹೆಚ್ಚಿತು. 2006ರಲ್ಲಿ ಅರ್ಜೆಂಟೀನಾದ ಹದಾದ್ ಮತ್ತು ಬಸ್ಸಗಾಸ್ತೇಗಿ, ಅಮೆರಿಕದ ಪಿಟ್ಸ್‌ಬರ್ಗಿನ ವೈದ್ಯರೊಡನೆ ಸೇರಿ, ಮೂಗಿನ ನಡುಗೋಡೆಯ ಒಳಪೊರೆಯನ್ನೇ ಎತ್ತಿ ತಿರುಗಿಸುವ ವಿಧಾನವನ್ನು ಪ್ರಕಟಿಸಿದರು. ತೊಟ್ಟು ಮೂಗಿನ ಹಿಂಭಾಗದಲ್ಲಿ. ಅದರೊಳಗೆ ಒಂದು ಸಣ್ಣ ಅಪಧಮನಿ. ಪೊರೆ ಕದದಂತೆ ಹಿಂದಕ್ಕೆ ತಿರುಗಿ ತೂತಿನ ಮೇಲೆ ಕೂರುತ್ತದೆ. ದುರ್ಬೀನಿನಿಂದ ಮಾಡಿದ ದೊಡ್ಡ ತೂತುಗಳ ದುರಸ್ತಿಯ ವರದಿಗಳನ್ನು 2012ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಬಿಡಿ ತೇಪೆ ಹಾಕಿದವರಲ್ಲಿ 100ಕ್ಕೆ ಸುಮಾರು 16 ಮಂದಿಗೆ ದ್ರವ ಮತ್ತೆ ಸೋರಿತ್ತು. ರಕ್ತನಾಳವಿರುವ ಫ್ಲ್ಯಾಪ್ ಹಾಕಿದವರಲ್ಲಿ ಸುಮಾರು 7 ಮಂದಿಗೆ.

ಹಾಗೆಂದು ಇದು ಪುಕ್ಕಟೆಯಲ್ಲ. ಪೊರೆ ಕಳೆದುಕೊಂಡ ನಡುಗೋಡೆ ಬರಿದಾಗಿ ಹಕ್ಕಳೆ ಕಟ್ಟುತ್ತದೆ; ರೋಗಿ ವಾರಗಟ್ಟಲೆ ಉಪ್ಪುನೀರಿನಿಂದ ಮೂಗು ತೊಳೆಯಬೇಕು. ಪುಣೆಯಲ್ಲಿ 25ನೆಯ ದಿನ ಕಡಿದ ತೊಟ್ಟನ್ನು ಇಲ್ಲಿ ಕಡಿಯುವುದಿಲ್ಲ. ಅದು ಅಲ್ಲೇ, ಮೂಗಿನ ಹಿಂದೆ, ರಕ್ತ ಹರಿಸುತ್ತಾ ಉಳಿಯುತ್ತದೆ.