ಬಳಪವೂ ಕಂಠವೂ: ಕನ್ನಡ ನಾಡಿನ ಎರಡು ಬಗೆಯ ಬರಹ

ಹಸ್ತಪ್ರತಿಗಳನ್ನು ಪರಿಶೋಧಿಸುವವರು ಸಾಮಾನ್ಯವಾಗಿ ಪಾಠವನ್ನು ನೋಡುವರು, ಪಾಠಾಂತರಗಳನ್ನು ನೋಡುವರು, ಕಡೆಯಲ್ಲಿ ಲಿಪಿಕಾರನ ಹೆಸರನ್ನೂ ಸಂವತ್ಸರವನ್ನೂ ನೋಡುವರು. ಆ ಪಾಠವನ್ನು ಹೊತ್ತಿರುವ ಓಲೆಯನ್ನಾಗಲಿ, ಬಟ್ಟೆಯನ್ನಾಗಲಿ, ಅದರ ಮೇಲೆ ಓಡಿದ ಉಪಕರಣವನ್ನಾಗಲಿ ಕುರಿತು ವಿಚಾರಿಸುವವರು ವಿರಳ. ಆಧೇಯದ ಮೇಲಣ ಆದರದಿಂದ ಆಧಾರವನ್ನು ಮರೆಯುವುದು ಉಚಿತವಲ್ಲ. ನಮ್ಮ ಪೂರ್ವಿಕರು ಅಳಿಸತಕ್ಕ ಬರಹಕ್ಕೂ ಉಳಿಸತಕ್ಕ ಬರಹಕ್ಕೂ ಬೇರೆಬೇರೆ ಸಾಧನಗಳನ್ನು ಇಟ್ಟುಕೊಂಡಿದ್ದರೆಂಬುದನ್ನೂ, ಇವುಗಳಲ್ಲಿ ಮೊದಲನೆಯದನ್ನು ನಾವು ಉಪೇಕ್ಷಿಸಿದ್ದರಿಂದ ಆಗುತ್ತಿರುವ ಹಾನಿಯನ್ನೂ ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. ‘ಲೇಖ’ ಶಬ್ದದ ಮೂಲವಾದ ‘ಲಿಖ್’ ಧಾತುವಿಗೆ ಗೀರುವುದು, ಕೆತ್ತುವುದು ಎಂದು ಅರ್ಥ. ‘ಲಿಪಿ’ ಶಬ್ದವನ್ನು ನಮ್ಮ ವೈಯಾಕರಣರು ‘ಲಿಪ್’ ಧಾತುವಿನಿಂದ ಸಾಧಿಸುವರು. ಅದಕ್ಕೆ ಲೇಪಿಸುವುದೆಂದು ಅರ್ಥ. ಆಧುನಿಕ ವಿದ್ವಾಂಸರಲ್ಲಿ ಅನೇಕರು ಇದನ್ನು ಪ್ರಾಚೀನ ಪಾರಸಿಯ ‘ದಿಪಿ’ ಶಬ್ದದಿಂದ ಬಂದುದೆಂದು ಹೇಳುತ್ತಾರೆ. ಶಾಬಾಜ್‌ಗಢಿಯ ಅಶೋಕಶಾಸನದಲ್ಲಿ ‘ದಿಪಿ’ ಎಂದೇ ಇರುವುದು ಆ ಪಕ್ಷಕ್ಕೆ ಬಲವನ್ನು ಕೊಡುತ್ತದೆ. ವ್ಯುತ್ಪತ್ತಿ ಹೇಗೇ ಇರಲಿ, ಈ ಎರಡು ಶಬ್ದಗಳೂ ನಮ್ಮ ನಾಡಿನಲ್ಲಿ ಒಂದೇ ಪಂಕ್ತಿಯಲ್ಲಿ ಕೂಡಿಬಂದಿರುವ ಸ್ಥಳವೊಂದುಂಟು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಅಶೋಕನ ಶಾಸನದ ಅಂತ್ಯದಲ್ಲಿ, ಇದನ್ನು ಬರೆದವನು ಚಪಡನೆಂದೂ ಅವನು ಲಿಪಿಕರನೆಂದೂ ಹೇಳಿದೆ. ಶಾಸನವೆಲ್ಲವೂ ಬ್ರಾಹ್ಮೀಲಿಪಿಯಲ್ಲಿರಲಾಗಿ, ವೃತ್ತಿಯನ್ನು ಹೇಳುವ ಆ ಒಂದು ಪದವನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಹೆಸರು ತಿಳಿದುಬಂದಿರುವ ಲಿಪಿಕರರಲ್ಲಿ ನಮ್ಮ ನಾಡಿನ ಮಟ್ಟಿಗೆ ಇವನೇ ಅತ್ಯಂತ ಪ್ರಾಚೀನನು.

ಇನ್ನು ಕಾವ್ಯದ ಸಾಕ್ಷ್ಯ. ಕುಮಾರವ್ಯಾಸನು ತನ್ನ ಭಾರತದ ಆದಿಯಲ್ಲಿ ತನ್ನ ಹೆಚ್ಚಳಗಳನ್ನು ಎಣಿಸುತ್ತಾನೆ. ಹಲಗೆಯನ್ನೂ ಬಳಪವನ್ನೂ ಆಶ್ರಯಿಸದೆ ಬರೆದುದು, ಒಮ್ಮೆ ಇಟ್ಟ ಮಾತನ್ನು ಮತ್ತೆ ತೊಡೆಯದಿದ್ದುದು, ಓಲೆಯ ಮೇಲೆ ಕಂಠವು ಓಡುವ ಸದ್ದು ನಡುವೆ ನಿಲ್ಲದಿದ್ದುದು, ಇವು ಅಲ್ಲಿ ಉಕ್ತವಾಗಿವೆ. ರಸಿಕರು ಇದನ್ನು ಕವಿಯ ಆತ್ಮವಿಶ್ವಾಸವೆಂದು ಮೆಚ್ಚುವರು, ಮೆಚ್ಚತಕ್ಕದ್ದೇ ಸರಿ. ಆದರೆ ಚರಿತ್ರಕಾರನಿಗೆ ಇದರಿಂದ ವ್ಯಕ್ತವಾಗುವುದು ಬೇರೊಂದು. ಹದಿನೈದನೆಯ ಶತಮಾನದ ಕವಿಯೊಬ್ಬನು ಹಲಗೆಯಿಲ್ಲದೆ ಬರೆದುದನ್ನು ಹೇಳಿಕೊಳ್ಳತಕ್ಕ ಅತಿಶಯವೆಂದು ಎಣಿಸಿದನೆಂದ ಮೇಲೆ, ಇತರರು ಮೊದಲು ಹಲಗೆಯ ಮೇಲೆ ಬಳಪದಿಂದ ಕರಡನ್ನು ಬರೆದು, ತಿದ್ದಿ, ಅಳಿಸಿ, ಕಡೆಗೆ ಓಲೆಗೆ ಏರಿಸುತ್ತಿದ್ದರೆಂಬುದು ಅರ್ಥಾತ್ ಸಿದ್ಧವಾಗುತ್ತದೆ. ಬಳಪವು ಚಿಂತನೆಗೆ, ಕಂಠವು ನಿರ್ಣಯಕ್ಕೆ.

ಈ ವಿಭಾಗಕ್ಕೆ ಕಾರಣವು ಸಾಧನಗಳ ಸ್ವಭಾವದಲ್ಲಿಯೇ ಇದೆ. ಓಲೆಗೆ ಉಪಯೋಗಿಸುತ್ತಿದ್ದ ಮರಗಳು ಎರಡು: ತಾಳೆ ಮತ್ತು ಶ್ರೀತಾಳೆ. ಶ್ರೀತಾಳೆಯ ಗರಿಯು ತೆಳುವಾಗಿಯೂ ಮೃದುವಾಗಿಯೂ ಬಾಗುವ ಗುಣವುಳ್ಳದ್ದಾಗಿಯೂ ಇರುವುದರಿಂದ ಅದಕ್ಕೆ ಮನ್ನಣೆ ಹೆಚ್ಚು. ಆ ಮರವು ದಶಕಗಳ ಕಾಲ ಬೆಳೆದು, ಆಯುಸ್ಸಿನಲ್ಲಿ ಒಮ್ಮೆ ಮಾತ್ರ ಹೂ ಬಿಟ್ಟು ಸಾಯುತ್ತದೆ. ಗರಿಗಳನ್ನು ಕತ್ತರಿಸಿ, ನೀರಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸಿ, ನುಣುಪಾದ ಕಲ್ಲಿನಿಂದ ಉಜ್ಜಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕಾಗಿ ರಂಧ್ರವನ್ನು ಮಾಡುವರು. ಲಿಪಿಕಾರನು ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯುವನು. ಆಗ ಅವು ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಎಣ್ಣೆಯೊಡನೆ ಕಾಡಿಗೆಯನ್ನು ಸವರಿ ಒರೆಸಿದಾಗ ಮಸಿಯು ಗೀರುಗಳಲ್ಲಿ ನಿಂತು ಬರಹವು ಮೂಡುವುದು. ಆದಕಾರಣ ಓಲೆಯ ಅಕ್ಷರವು ಮಸಿಯಲ್ಲಿಲ್ಲ, ಓಲೆಯ ಮೈಯಲ್ಲಿಯೇ ಇದೆ. ಶತಮಾನಗಳ ಮೇಲೆ ಮಸಿ ಮಾಸಿದರೂ ಮತ್ತೊಮ್ಮೆ ಕಾಡಿಗೆಯನ್ನು ಸವರಿದರೆ ಅದೇ ಪಾಠವು ಎದ್ದುಬರುವುದು. ಆದರೆ ಅದೇ ಕಾರಣದಿಂದ ಅಲ್ಲಿ ತಪ್ಪನ್ನು ತೊಡೆಯುವುದಕ್ಕೆ ಉಪಾಯವಿಲ್ಲ. ತಪ್ಪಿದ ಅಕ್ಷರವನ್ನು ಹೊಡೆದುಹಾಕಬಹುದೇ ಹೊರತು ಇಲ್ಲವಾಗಿಸಲಾಗದು.

ಇಂಥ ಶ್ರಮಸಾಧ್ಯವಾದ ಕಾರ್ಯವನ್ನು ನೆನೆದಾಗ, ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯ ಮಹತ್ತ್ವವು ತಿಳಿಯುತ್ತದೆ. ಓಲೆಯ ಬಾಳಿಕೆಗೆ ಬೇರೆ ನಿದರ್ಶನವೂ ಸಮೀಪದಲ್ಲಿದೆ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಗ್ರಂಥಲಿಪಿಯ ಓಲೆಗಳ ನಡುವೆ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಕಂಠದಿಂದ ಕೊರೆದುದಾದ್ದರಿಂದಲೂ, ಪರಂಪರೆಯಾಗಿ ಪ್ರತಿಮಾಡುವವರು ಇದ್ದುದರಿಂದಲೂ ಆ ಗ್ರಂಥವು ನಮಗೆ ಉಳಿಯಿತು.

ಹೀಗೆ ಕಂಠದ ಬರಹಕ್ಕೆ ಗ್ರಂಥಾಲಯಗಳೂ ಪಂಡಿತರೂ ದೊರೆತರು. ಬಳಪದ ಬರಹದ ಗತಿಯೇನು? ಇದನ್ನು ಅರಿಯಲು ಕಡತವನ್ನು ನೋಡಬೇಕು.

ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅವರು 1810ರಲ್ಲಿ ಪ್ರಕಟವಾದ ತಮ್ಮ ಇತಿಹಾಸಗ್ರಂಥದಲ್ಲಿ ಕಡತವನ್ನು ವರ್ಣಿಸಿರುವರು. ಅವರು ಕಂಡ ಕಡತವು ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿಗಳವರೆಗೆ ಉದ್ದವುಳ್ಳ ಹತ್ತಿಯ ಬಟ್ಟೆ. ಹುಣಿಸೆಬೀಜದ ಸರಿಯಲ್ಲಿ ಇದ್ದಲ ಪುಡಿಯನ್ನು ಕಲಸಿ ಬಟ್ಟೆಯ ಎರಡು ಮೈಗೂ ಬಳಿದು ಒಣಗಿಸುವರು. ಅನಂತರ ಅದನ್ನು ಕತ್ತರಿಸದೆ ಬೀಸಣಿಗೆಯಂತೆ ಮಡಿಕೆಮಡಿಕೆಯಾಗಿ ಮಡಿಸಿ, ಎರಡು ಕೊನೆಗಳಿಗೂ ತೆಳುವಾದ ಹಲಗೆಗಳನ್ನು ಸೇರಿಸಲು, ಅದು ಪುಸ್ತಕದ ಆಕಾರವನ್ನು ತಾಳುವುದು. ಕಪ್ಪಾದ ಆ ಮೈಯ ಮೇಲೆ ಬಳಪದ ಕಡ್ಡಿಯಿಂದ ಬರೆದರೆ ಬಿಳಿಯ ಅಕ್ಷರಗಳು ಮೂಡುವುವು. ಬೇಡವಾದಾಗ ಒದ್ದೆಯ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಮುಟ್ಟದೆ ಮಡಿಸಿಟ್ಟರೆ ಬಹುಕಾಲ ನಿಲ್ಲುವುದು.

ಬಟ್ಟೆಯ ಮೇಲೆ ಬರೆಯುವ ಪದ್ಧತಿಯು ಹೊಸದಲ್ಲ. ಅಲೆಕ್ಸಾಂಡರನ ಸಂಗಡ ಬಂದಿದ್ದ ನಿಯಾರ್ಕಸನು, ಭಾರತೀಯರು ಚೆನ್ನಾಗಿ ಬಡಿದು ಒತ್ತಾಗಿಸಿದ ಬಟ್ಟೆಯ ಮೇಲೆ ಪತ್ರಗಳನ್ನು ಬರೆಯುವರೆಂದು ಹೇಳಿರುವುದನ್ನು ಸ್ಟ್ರಾಬೋ ಉಲ್ಲೇಖಿಸಿದ್ದಾನೆ. ಸುಮಾರು 1030ರಲ್ಲಿ ಅಲ್‌ಬಿರೂನಿಯು, ಇಲ್ಲಿಯ ಮಕ್ಕಳು ಕಪ್ಪು ಹಲಗೆಯ ಮೇಲೆ ಬಿಳಿಯ ವಸ್ತುವಿನಿಂದ ಬರೆಯುವುದನ್ನೂ, ದಕ್ಷಿಣದವರು ತಾಳೆಯ ಗರಿಗಳಲ್ಲಿ ಬರೆಯುವುದನ್ನೂ ಹೇಳಿದ್ದಾನೆ. ಕಲ್ಯಾಣದ ಚಾಳುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯು ಬರುತ್ತಾನೆ. ಅವನು ರಾಜ್ಯದ ಲೆಕ್ಕಪತ್ರಗಳ ಅಧ್ಯಕ್ಷನು. ಆ ಕಡಿತವೂ ಬಟ್ಟೆಯದೇ ಎಂದು ಹೆಸರಿನ ಬಲದಿಂದ ಮಾತ್ರವೇ ನಿರ್ಣಯಿಸಲಾಗದು. ಆದರೂ ಆಡಳಿತದ ಬರಹಕ್ಕೆ ಈ ಹೆಸರು ಅಂದಿನಿಂದಲೂ ಅಂಟಿಕೊಂಡು ಬಂದಿದೆಯೆಂಬುದು ನಿರ್ವಿವಾದ.

ಹೀಗಿರಲಾಗಿ, ಕಡತದಲ್ಲಿ ಇದ್ದುದು ಕಾವ್ಯವಲ್ಲ, ಶಾಸ್ತ್ರವಲ್ಲ. ಅಂಗಡಿಯ ಲೆಕ್ಕ, ಶಾನುಭೋಗರ ಕಂದಾಯದ ಲೆಕ್ಕ, ಮಠಗಳ ಆಯವ್ಯಯ, ಬಂದ ಪತ್ರಗಳ ನಕಲು, ಇವೇ ಮೊದಲಾದವು. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ರಕ್ಷಿತವಾಗಿದ್ದುದರಿಂದಲೇ ಆ ಸಂಸ್ಥಾನದ ಚರಿತ್ರೆಯನ್ನು ವಿವರವಾಗಿ ಬರೆಯಲು ಸಾಧ್ಯವಾಯಿತು. ಧಾನ್ಯದ ಬೆಲೆ, ಆಳಿನ ಕೂಲಿ, ಉತ್ಸವದ ಖರ್ಚು, ಇವನ್ನು ಯಾವ ಕವಿಯೂ ಓಲೆಗೆ ಏರಿಸಲಿಲ್ಲ.

ಇಲ್ಲಿ ನನ್ನ ಅನುಭವವೊಂದನ್ನು ನಿವೇದಿಸುವುದು ಅಪ್ರಸ್ತುತವಾಗಲಾರದು. ಕೆಲವು ವರ್ಷಗಳ ಹಿಂದೆ ಮಲೆನಾಡಿನ ಒಂದು ಹಳೆಯ ಮನೆಯಲ್ಲಿ ಓಲೆಯ ಕಟ್ಟುಗಳಿವೆಯೆಂದು ಕೇಳಿ ಹೋಗಿದ್ದೆನು. ಓಲೆಗಳು ಅಮರಕೋಶದ ಪ್ರತಿಗಳು; ಅಂಥವು ಎಲ್ಲೆಲ್ಲಿಯೂ ಉಂಟು. ಅವುಗಳೊಡನೆ ಅಟ್ಟದಿಂದ ಎರಡು ಕಡತಗಳೂ ಇಳಿದುಬಂದುವು. ಮನೆಯ ಹಿರಿಯರು ಬಹು ಸಜ್ಜನರು. ‘ಶಾಸ್ತ್ರಿಗಳೇ, ತಮ್ಮ ಕೈ ಮಸಿಯಾಗಬಾರದು’ ಎಂದು, ಒಂದನ್ನು ಒದ್ದೆಯ ಬಟ್ಟೆಯಿಂದ ಮಡಿಕೆಮಡಿಕೆಯಾಗಿ ಒರೆಸಿಯೇ ನನ್ನ ಮುಂದಿಟ್ಟರು. ಎರಡನೆಯದರಲ್ಲಿ ಊರ ಕೆರೆಯ ಕೆಲಸಕ್ಕೆ ಯಾರು ಎಷ್ಟು ಆಳುಗಳನ್ನು ಕೊಟ್ಟರೆಂಬ ಪಟ್ಟಿಯಿದ್ದಿತು. ಮೊದಲನೆಯದರಲ್ಲಿ ಏನಿದ್ದಿತೆಂಬುದನ್ನು ಇನ್ನು ಯಾರೂ ಹೇಳಲಾರರು. ಅವರನ್ನು ದೂಷಿಸುವುದಕ್ಕೆ ನನಗೆ ಬಾಯಿಲ್ಲ. ಏಕೆಂದರೆ ನಾನೂ ಆ ದಿನ ಮೊದಲು ಕೈಚಾಚಿದುದು ಓಲೆಯ ಕಟ್ಟಿಗೆ.

ಕಾಗದವು ಬಂದ ಮೇಲೆ ಈ ಎರಡು ಬಗೆಯ ಬರಹಗಳ ಭೇದವು ಕ್ರಮೇಣ ಅಳಿಯಿತು. ಕಾಗದ, ಕಲಮು, ದೌತಿ ಎಂಬ ಹೆಸರುಗಳೇ ಈ ಸಾಧನಗಳು ಪಾರಸಿ ಅರಬ್ಬಿಗಳ ಮಾರ್ಗವಾಗಿ ಬಂದುವೆಂದು ಸಾರುತ್ತವೆ. ಕರಡಿಗೂ ಕಾಗದವೇ, ಶುದ್ಧಪ್ರತಿಗೂ ಕಾಗದವೇ ಆಯಿತು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರು ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ, ಕೈಬರಹವೇ ಕಲ್ಲಿನಿಂದ ಬಹುಪ್ರತಿಗಳಾಗುವಂತಾಯಿತು; ಅಚ್ಚು ಹರಡಿದಂತೆ ಪ್ರತಿಮಾಡುವ ಕೈಗಳು ನಿಂತುವು. ವಸ್ತುಗಳು ಹೋದರೂ ಮಾತುಗಳು ಉಳಿದಿವೆ. ಮದುವೆಯ ಕರೆಯೋಲೆಯಲ್ಲಿ ಓಲೆಯಿಲ್ಲ. ಕಚೇರಿಯ ಕಡತದಲ್ಲಿ ಬಟ್ಟೆಯೂ ಇಲ್ಲ, ಇದ್ದಲೂ ಇಲ್ಲ.

ಓಲೆಯ ವಿಷಯದಲ್ಲಿ ನಾವು ಎಚ್ಚೆತ್ತಿದ್ದೇವೆ. ಅದನ್ನು ಕಂಡವರು ಪೂಜ್ಯಬುದ್ಧಿಯಿಂದ ಎತ್ತಿಡುವರು. ಕಡತವನ್ನು ಕಂಡವರು ಹಳೆಯ ಬಟ್ಟೆಯೆಂದು ಎಸೆಯುವರು, ಇಲ್ಲವೆ ಶುಚಿಮಾಡುವರು. ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ತಮ್ಮ ಮನೆಗಳಲ್ಲಾಗಲಿ ಬಂಧುಗಳ ಮನೆಗಳಲ್ಲಾಗಲಿ ಮಡಿಸಿದ ಕಪ್ಪು ಬಟ್ಟೆಯ ಪುಸ್ತಕವು ದೊರೆತರೆ ನೀರನ್ನು ಸೋಕಿಸಬೇಡಿರಿ, ಮಡಿಕೆಗಳನ್ನು ಬಲವಂತವಾಗಿ ಬಿಡಿಸಬೇಡಿರಿ, ಬೆರಳಿನಿಂದ ಧೂಳನ್ನು ಒರೆಸಬೇಡಿರಿ. ಬಲ್ಲವರನ್ನು ಕರೆಸಿ ಮೊದಲು ಛಾಯಾಚಿತ್ರವನ್ನು ತೆಗೆಸಿರಿ. ಕವಿಗಳು ಉಳಿಯಲೆಂದು ಬರೆದುದನ್ನು ಅವರೇ ಕಾಪಾಡಿಕೊಂಡರು. ಅಳಿಸಬಹುದೆಂದು ತಿಳಿದೂ ಅಳಿಸದೆ ಮಡಿಸಿಟ್ಟ ಬರಹವನ್ನು ಕಾಪಾಡತಕ್ಕವರು ನಾವು.